ಕಾರಿನ ಡಬ್ಬಿ ಟ್ರ್ಯಾಕ್ಟರ್ ಮ್ಯಾಲೆ ಯಾಕ ಗುಮ್ಮನ್ನಲಿಲ್ಲ?

ಇಳಕಲ್ಲಿನ ನಮ್ಮ ಗೆಳೆಯನೊಬ್ಬನ ಕಾಕಾ ಹಳೇ ಕಾರು ಮಾರುವಾಗ ಡಿಕ್ಕಿಯಲ್ಲಿದ್ದ ಊಫರ್ ಡಬ್ಬಿಯನ್ನು ಮಾತ್ರ ತೆಗೆದಿಟ್ಟುಕೊಂಡರು. ಬನಶಂಕರಿ ಜಾತ್ರಿಗೆ ಬಾದಾಮಿಗೆ ಹೊರಟ ಟ್ರ್ಯಾಕ್ಟರಿಗೆ ಅದನ್ನು ಕಟ್ಟಿದರು. ಅದೇ ಡಬ್ಬಿ, ಅದೇ ಆಂಪ್ಲಿಫೈಯರ್, ಅದೇ ಹಾಡು. ಆದರೆ ಕಾರಿನೊಳಗೆ ಎದೆ ನಡುಗಿಸುತ್ತಿದ್ದ ಬೇಸ್ ಎಲ್ಲಿ ಹೋಯಿತೋ ಗೊತ್ತಾಗಲಿಲ್ಲ. “ಆಂಪ್ಲಿ ಸಾಲವಲ್ದು. ನೀವು ಇಂಜಿನಿಯರಿಂಗ್ ಓದಾಕತ್ತೀರಿ, ಎಷ್ಟು ವಾಟಿಂದು ತರಬೇಕು ಹೇಳ್ರಪಾ” ಅಂತ ನಮ್ಮನ್ನ ಕೇಳಿದರು.

ಹಾಸ್ಟೆಲ್ಲಿಗೆ ಬಂದು ಲೆಕ್ಕಕ್ಕೆ ಕೂತೆವು. ಉತ್ತರ ವಾಟಿನಲ್ಲಿ ಇರಲೇ ಇಲ್ಲ.

ಮೊದಲು, ಸ್ಪೀಕರಿಗೆ ಡಬ್ಬಿ ಯಾಕೆ ಬೇಕು ನೋಡೋಣ. ಸ್ಪೀಕರಿನ ಕೋನ್ ಮುಂದಿನ ಗಾಳಿಯನ್ನು ದಬ್ಬಿದಾಗ ಹಿಂದಿನ ಗಾಳಿಯನ್ನು ಎಳೆಯುತ್ತದೆ. 40 ಹರ್ಟ್ಜ್ ಸದ್ದಿನ ಅಲೆಯುದ್ದ ಸುಮಾರು 8.6 ಮೀಟರ್ (ಸದ್ದಿನ ವೇಗ 343ನ್ನು 40ರಿಂದ ಭಾಗಿಸಿ). ಅಷ್ಟು ಉದ್ದದ ಅಲೆಗೆ 12 ಇಂಚಿನ ಸ್ಪೀಕರ್ ಏನೂ ಅಡ್ಡಿಯಲ್ಲ. ಮುಂದಿನ ಒತ್ತಡ ಅಂಚು ಸುತ್ತಿ ಹಿಂದೆ ಹೋಗಿ ಅಲ್ಲಿಯ ಎಳೆತದೊಡನೆ ಸೇರಿ ಎರಡೂ ರದ್ದಾಗುತ್ತವೆ. ಡಬ್ಬಿಯ ಮೊದಲ ಕೆಲಸ ಇವೆರಡನ್ನು ಬೇರೆ ಇಡುವುದು.

ಎರಡನೇ ಕೆಲಸವೇ ನಿಜವಾದ ಡಿಸೈನ್. ಮುಚ್ಚಿದ ಡಬ್ಬಿಯೊಳಗಿನ ಗಾಳಿ ಸ್ಪ್ರಿಂಗ್ ಥರ ವರ್ತಿಸುತ್ತದೆ. ಡಬ್ಬಿ ಸಣ್ಣದಾದಷ್ಟೂ ಸ್ಪ್ರಿಂಗ್ ಬಿಗಿ. ಇದನ್ನು ಲೆಕ್ಕಕ್ಕೆ ತಂದವರು ಆಸ್ಟ್ರೇಲಿಯಾದ ನೆವಿಲ್ ಥೀಲ್ (1961) ಮತ್ತು ಅವರ ಕೆಲಸವನ್ನು 1970ರ ದಶಕದಲ್ಲಿ ಮುಂದುವರಿಸಿದ ರಿಚರ್ಡ್ ಸ್ಮಾಲ್. ಒಳ್ಳೆಯ ಊಫರ್ ಕೊಂಡರೆ ಅದರ ಹಾಳೆಯಲ್ಲಿ ಮೂರು ಅಂಕಿ ಇರುತ್ತವೆ. ಎಫ್‌ಎಸ್ ಅಂದ್ರ ಸ್ಪೀಕರಿನ ಸ್ವಂತ ಅನುರಣನ ಆವರ್ತನ. ಕ್ಯೂಟಿಎಸ್ ಅಂದ್ರ ಅದು ಎಷ್ಟು ಬೇಗ ಅಲುಗಾಟ ನಿಲ್ಲಿಸುತ್ತದೆ ಅನ್ನೋದರ ಅಳತೆ. ವಿಎಎಸ್ ಅಂದ್ರ ಸ್ಪೀಕರಿನ ಅಂಚಿನಷ್ಟೇ ಮೆತ್ತಗಿರುವ ಗಾಳಿಯ ಪ್ರಮಾಣ, ಲೀಟರಿನಲ್ಲಿ. ಈ ಹಾಳೆ ಇಲ್ಲದ ಊಫರನ್ನು ತರಬೇಡಿ. ಅದಕ್ಕೆ ಡಬ್ಬಿ ಮಾಡೋದು ಅಳತೆ ತಗೊಳ್ಳದೆ ಅಂಗಿ ಹೊಲಿದಂಗ.

ಒಂದು ಉದಾಹರಣೆ ಇಟ್ಟುಕೊಳ್ಳೋಣ: ಎಫ್‌ಎಸ್ 30 ಹರ್ಟ್ಜ್, ಕ್ಯೂಟಿಎಸ್ 0.45, ವಿಎಎಸ್ 60 ಲೀಟರ್. ಮುಚ್ಚಿದ ಡಬ್ಬಿಯಲ್ಲಿ ಉಬ್ಬಿಲ್ಲದ ಸಪಾಟು ಸದ್ದು ಬೇಕೆಂದರೆ ಡಬ್ಬಿ ಸೇರಿದ ಮೇಲಿನ ಕ್ಯೂ 0.707 ಆಗಬೇಕು. 0.707ನ್ನು 0.45ರಿಂದ ಭಾಗಿಸಿ ವರ್ಗ ಮಾಡಿದರೆ 2.47, ಒಂದು ಕಳೆದರೆ 1.47. ವಿಎಎಸ್ ಅನ್ನು ಅದರಿಂದ ಭಾಗಿಸಿದರೆ ಡಬ್ಬಿ ಸುಮಾರು 41 ಲೀಟರ್. ಹೊಸ ಅನುರಣನ 30 × 1.57, ಅಂದರೆ 47 ಹರ್ಟ್ಜ್. “ಡಬ್ಬಿ ದೊಡ್ಡದಾದಷ್ಟೂ ಬೇಸ್ ಜಾಸ್ತಿ” ಅನ್ನೋ ಮಾತು ಇಲ್ಲೇ ಬೀಳುತ್ತದೆ. 41ರ ಬದಲು 100 ಲೀಟರ್ ಮಾಡಿದರೆ ಸ್ಪ್ರಿಂಗ್ ಸಡಿಲಾಗಿ ಕೋನ್ ಅಂಕೆ ಮೀರಿ ಓಡಾಡಲು ಶುರು ಮಾಡುತ್ತದೆ, ಕಾಯಿಲ್ ಹೊರಗೆ ಬಂದು ಬಡಿಯುತ್ತದೆ. ತೀರಾ ಸಣ್ಣದು ಮಾಡಿದರೆ ಒಂದೇ ಸ್ವರ ಗುಂಯ್ ಅನ್ನುತ್ತದೆ.

ಈಗ ಕಾಕಾನ ಪ್ರಶ್ನೆ. ಮುಚ್ಚಿದ ಡಬ್ಬಿಯ ಸದ್ದು ಅದರ ಅನುರಣನದ ಕೆಳಗೆ ಪ್ರತಿ ಆಕ್ಟೇವಿಗೆ ಸುಮಾರು 12 ಡೆಸಿಬಲ್ ಇಳಿಯುತ್ತದೆ. ಕಾರಿನೊಳಗೆ ಇದರ ಉಲ್ಟಾ ನಡೆಯುತ್ತದೆ. ಕಾರಿನ ಒಳಗಿನ ಉದ್ದ 2.7 ಮೀಟರ್ ಅಂದುಕೊಳ್ಳಿ. 343ನ್ನು ಅದರ ಎರಡರಷ್ಟರಿಂದ ಭಾಗಿಸಿದರೆ 63 ಹರ್ಟ್ಜ್. ಅದರ ಕೆಳಗಿನ ಅಲೆಯ ಅರ್ಧ ಕೂಡ ಕಾರಿನಲ್ಲಿ ಹಿಡಿಸುವುದಿಲ್ಲ. ಆಗ ಅಲೆ ಓಡಾಡುವ ಮಾತೇ ಇಲ್ಲ. ಊಫರ್ ಕಾರಿನ ಇಡೀ ಗಾಳಿಯನ್ನು ಪಂಪಿನ ಥರ ಒತ್ತಿ ಬಿಡುತ್ತದೆ, ಒತ್ತಡ ಆಕ್ಟೇವಿಗೆ 12 ಡೆಸಿಬಲ್ ತನಕ ಏರಬಹುದು. ಕಿಟಕಿ, ಬಾಗಿಲ ಸಂದು, ತಗಡಿನ ಅಲುಗಾಟದಿಂದ ಒಂದಿಷ್ಟು ಸೋರುತ್ತದೆ ಅನ್ನೋದು ಖರೆ. ಆದರೂ ಡಬ್ಬಿ ಇಳಿಸಿದ್ದರಲ್ಲಿ ಬಹುಪಾಲನ್ನು ಕಾರು ಎತ್ತಿ ಕೊಡುತ್ತದೆ. “ಕಾರು ಸಣ್ಣದು, ಬೇಸ್ ಅಲೆ ಒಳಗೆ ಹುಟ್ಟೋದಿಲ್ಲ, ಹೊರಗೆ ನಿಂತವರಿಗೇ ಕೇಳೋದು” ಅಂತ ವಾದಿಸುವವರು ಪ್ರತಿ ಬ್ಯಾಚಿನಲ್ಲೂ ಒಬ್ಬರು ಇರ್ತಾರೆ. ಹುನಗುಂದದಿಂದ ಇಳಕಲ್ಲಿಗೆ ಹೋಗುವಾಗ ಹಾಡು ಹಚ್ಚಿ, ನಾಲ್ಕೂ ಗಾಜು ಏರಿಸಿ ಕೇಳಿ, ಆಮೇಲೆ ಎಲ್ಲ ಇಳಿಸಿ ಕೇಳಿ. ವಾದ ಅಲ್ಲೇ ಮುಗಿಯುತ್ತದೆ.

ಅದೇ ದಾರಿಯಲ್ಲಿ ಇನ್ನೊಂದು ಪ್ರಯೋಗ ಪುಕ್ಕಟೆ ಸಿಗುತ್ತದೆ. ಹಾಡು ಬಂದ್ ಮಾಡಿ, ವೇಗವಾಗಿ ಹೋಗುವಾಗ ಹಿಂದಿನ ಒಂದೇ ಗಾಜು ಇಳಿಸಿ. ಕಿವಿಗೆ ದಬ್ ದಬ್ ಅಂತ ಬಡಿಯುತ್ತದೆ. ಖಾಲಿ ಬಾಟ್ಲಿ ಬಾಯಿಗೆ ಊದಿದಾಗ ಬರುವ ಸದ್ದೂ ಇದೂ ಒಂದೇ ಜಾತಿ, ಹೆಲ್ಮ್‌ಹೋಲ್ಟ್ಸ್ ಅನುರಣನ. ಕಾರು ಬಾಟ್ಲಿ, ಗಾಜಿನ ಸಂದು ಅದರ ಬಾಯಿ. ಪೈಪ್ ಇರೋ ಊಫರ್ ಡಬ್ಬಿ ಕೂಡ ಇದೇ. “ಪೈಪಿನಿಂದ ಗಾಳಿ ಹೊರಗೆ ಬಂದು ಬೇಸ್ ಕೊಡುತ್ತದೆ” ಅನ್ನೋದು ಅರ್ಧ ಸತ್ಯ. ಪೈಪಿನೊಳಗಿನ ಗಾಳಿ ಒಂದು ಗುಂಡಿನಂತೆ ಹಿಂದೆ ಮುಂದೆ ಓಡಾಡುತ್ತದೆ, ಟ್ಯೂನ್ ಮಾಡಿದ ಆವರ್ತನದಲ್ಲಿ ಕೋನ್ ಬಹುತೇಕ ನಿಂತು ಆ ಗಾಳಿಯೇ ಕೆಲಸ ಮಾಡುತ್ತದೆ.

ಟ್ರ್ಯಾಕ್ಟರಿಗೆ ಗಾಜೂ ಇಲ್ಲ, ಚಾವಣಿಯೂ ನೆಪಕ್ಕೆ. ಎತ್ತಿ ಕೊಡೋರು ಯಾರೂ ಇಲ್ಲ. ನಮ್ಮ 47 ಹರ್ಟ್ಜಿನ ಡಬ್ಬಿ ಬಯಲಿನಲ್ಲಿ 40 ಹರ್ಟ್ಜಿಗೆ 4.6 ಡೆಸಿಬಲ್, 30 ಹರ್ಟ್ಜಿಗೆ 8.5 ಡೆಸಿಬಲ್ ಕಡಿಮೆ ಕೊಡುತ್ತದೆ. ಇದನ್ನು ವಾಟಿನಿಂದಲೇ ತುಂಬಿಸುತ್ತೇನೆ ಅಂದರೆ 40ಕ್ಕೆ ಸುಮಾರು 3 ಪಟ್ಟು, 30ಕ್ಕೆ 7 ಪಟ್ಟು ಪವರ್ ಬೇಕು. 100 ವಾಟ್ ಇದ್ದದ್ದು 700 ಆಗಬೇಕು. ಆಂಪ್ಲಿಯ ದಕ್ಷತೆ ಶೇಕಡಾ 60 ಹಿಡಿದರೆ 14 ವೋಲ್ಟಿನಲ್ಲಿ 83 ಆಂಪಿಯರ್! ನಿಮ್ಮ ಟ್ರ್ಯಾಕ್ಟರಿನ ಆಲ್ಟರ್ನೇಟರ್ ಮೇಲಿನ ಪಟ್ಟಿ ಒಮ್ಮೆ ಓದಿ ನೋಡಿ.

“ಅಂಗಡ್ಯಾಗ 3000 ವಾಟಿಂದು ಕಡಿಮಿ ರೇಟಿಗೆ ಸಿಗತೈತಿ” ಅಂದರು ಕಾಕಾ. ಆಂಪ್ಲಿಯ ಹಿಂದಿನ ಫ್ಯೂಸ್ ನೋಡಿರಿ ಅಂದೆವು. 30 ಆಂಪಿಯರ್ ಇತ್ತು. 30 × 14 ಅಂದರೆ ಒಳಗೆ ಹೋಗುವುದೇ 420 ವಾಟ್, ಹೊರಗೆ ಬರುವುದು 250ರ ಆಸುಪಾಸು. ಡಬ್ಬದ ಮೇಲೆ ಬರೆದ 3000ಕ್ಕೂ ಭೌತಶಾಸ್ತ್ರಕ್ಕೂ ನೆಂಟಸ್ತಿಕೆ ಇಲ್ಲ. ಆರ್‌ಎಂಎಸ್ ಅಂತ ಬರೆದದ್ದನ್ನಷ್ಟೇ ಓದಿ, ಫ್ಯೂಸಿನಿಂದ ತಾಳೆ ನೋಡಿ.

ಹಂಗಾದ್ರ ಬಯಲಿಗೆ ಎಂಥ ಡಬ್ಬಿ? ಪೈಪ್ ಇರೋದು. ಅದೇ ಊಫರಿಗೆ 60 ಲೀಟರ್, 35 ಹರ್ಟ್ಜ್ ಟ್ಯೂನಿಂಗ್, ಒಳಗೆ 10 ಸೆಂಟಿಮೀಟರ್ ವ್ಯಾಸದ ಪಿವಿಸಿ ಪೈಪ್ ಅಂದುಕೊಂಡೆವು. ಸದ್ದಿನ ವೇಗದ ವರ್ಗವನ್ನು ಪೈಪಿನ ಬಾಯಿಯ ವಿಸ್ತೀರ್ಣದಿಂದ ಗುಣಿಸಿ. ಅದನ್ನು 4 ಪೈ ವರ್ಗ, ಆವರ್ತನದ ವರ್ಗ, ಡಬ್ಬಿಯ ಗಾತ್ರ ಇವುಗಳ ಗುಣಲಬ್ಧದಿಂದ ಭಾಗಿಸಿ (ಎಲ್ಲ ಮೀಟರಿನಲ್ಲಿ). 32 ಸೆಂಟಿಮೀಟರ್ ಬರುತ್ತದೆ. ಪೈಪಿನ ಎರಡೂ ಬಾಯಿಯ ಹೊರಗಿನ ಸ್ವಲ್ಪ ಗಾಳಿಯೂ ಜೊತೆಗೇ ಓಡಾಡುವುದರಿಂದ ತ್ರಿಜ್ಯದ ಸುಮಾರು ಒಂದೂವರೆ ಪಟ್ಟು ಕಳೆಯಬೇಕು. ಉಳಿದದ್ದು 24–25 ಸೆಂಟಿಮೀಟರ್. 45–50 ಹರ್ಟ್ಜಿನ ಸುತ್ತ ಸ್ವಲ್ಪ ಉಬ್ಬು ಬರುತ್ತದೆ; ಜಾತ್ರಿಗೆ ಅದು ತಪ್ಪಲ್ಲ ಅಂತ ಬಿಟ್ಟೆವು.

ನಾವು ಮಾಡಿದ ತಪ್ಪು ಬೇರೆ. ಒಳ ಅಳತೆ ಸರಿಯಾಗಿ 60 ಲೀಟರ್ ಕೊಯ್ಸಿದೆವು. ಊಫರಿನ ಮ್ಯಾಗ್ನೆಟ್ಟೂ ಪೈಪೂ ಸೇರಿ ಐದಾರು ಲೀಟರ್ ನುಂಗುತ್ತವೆ ಅನ್ನೋದು ಜೋಡಿಸಿದ ಮೇಲೆ ನೆನಪಾಯಿತು. ಟ್ಯೂನಿಂಗ್ 37ರ ಹತ್ತಿರ ಹೋಗಿತ್ತು. ಪೈಪನ್ನು ಮೂರು ಸೆಂಟಿಮೀಟರಿನಷ್ಟು ಉದ್ದ ಮಾಡಿ ಸರಿ ಮಾಡಿಕೊಂಡೆವು. ನೀವು ಮೊದಲೇ 66 ಲೀಟರ್ ಕೊಯ್ಸಿ. ಹಾಂ, ಟ್ಯೂನಿಂಗಿನ ಕೆಳಗಿನ ಆವರ್ತನಕ್ಕೆ ಪೈಪ್ ಡಬ್ಬಿಯಲ್ಲಿ ಸ್ಪ್ರಿಂಗೇ ಇರುವುದಿಲ್ಲ. ಸಬ್‌ಸಾನಿಕ್ ಫಿಲ್ಟರ್ ಹಾಕದಿದ್ದರೆ ಕೋನ್ ಹರಿಯುತ್ತದೆ. ಡಬ್ಬಿಗೆ ಹತ್ತಿ ತುಂಬೋ ಚಾಳಿ ಮುಚ್ಚಿದ ಡಬ್ಬಿಗೆ ಸರಿ, ಅದು ಸ್ವಲ್ಪ ದೊಡ್ಡದಾದಂತೆ ವರ್ತಿಸುತ್ತದೆ. ಪೈಪ್ ಡಬ್ಬಿಗೆ ಕಿಕ್ಕಿರಿದು ತುಂಬಿದರೆ ಅನುರಣನವೇ ಸಾಯುತ್ತದೆ.

ಇಳಕಲ್ ಅಂದಮೇಲೆ ಗ್ರಾನೈಟ್ ಬರಲೇಬೇಕು. “ಕಲ್ಲಿಂದs ಡಬ್ಬಿ ಮಾಡಿದ್ರ?” ಅಂತ ಗೆಳೆಯ ಕೇಳಿದ. ವಿಚಾರ ಹುಚ್ಚಲ್ಲ. ಗೋಡೆ ಅಲುಗಿದಷ್ಟೂ ಸದ್ದು ಕೆಡುತ್ತದೆ, ಕಲ್ಲು ಅಲುಗೋದಿಲ್ಲ. ಆದರೆ 18 ಮಿಲಿಮೀಟರ್ ದಪ್ಪದಲ್ಲಿ 41 ಲೀಟರಿನ ಡಬ್ಬಿ ಎಂಡಿಎಫ್‌ನಲ್ಲಿ 11 ಕಿಲೋ ಆದರೆ ಗ್ರಾನೈಟಿನಲ್ಲಿ 38 ಕಿಲೋ. ಎಂಡಿಎಫ್ ಹಾಕಿ, ಒಳಗೆ ನಡುವೆ ಒಂದು ಅಡ್ಡಪಟ್ಟಿ ಕೊಟ್ಟರೆ ಸಾಕು.

ಕಾಕಾನಿಗೆ ಇದೆಲ್ಲ ಹೇಳುವಾಗ ಇನ್ನೊಂದು ಲೆಕ್ಕ ತೋರಿಸಿದೆವು, ಅದನ್ನು ಅವರು ಎರಡು ಸಲ ಕೇಳಿಸಿಕೊಂಡರು. ಬಯಲಿನಲ್ಲಿ ದೂರ ಎರಡು ಪಟ್ಟಾದಾಗ ಸದ್ದು 6 ಡೆಸಿಬಲ್ ಇಳಿಯುತ್ತದೆ. 16 ಮೀಟರ್ ದೂರದ ಮಂದಿಗೆ 85 ಡೆಸಿಬಲ್ ಕೇಳಿಸಬೇಕೆಂದರೆ, ಸ್ಪೀಕರಿಗೆ ಒಂದು ಮೀಟರ್ ಹತ್ತಿರ ಕೂತ ಡ್ರೈವರಿಗೆ 109 ಡೆಸಿಬಲ್. ಅಮೆರಿಕದ ಔದ್ಯೋಗಿಕ ಆರೋಗ್ಯ ಸಂಸ್ಥೆ ನಿಯೋಶ್ ಪ್ರಕಾರ 85ಕ್ಕೆ ದಿನಕ್ಕೆ 8 ತಾಸು ಮಿತಿ, ಮೇಲೆ ಪ್ರತಿ 3 ಡೆಸಿಬಲ್‌ಗೆ ಅವಧಿ ಅರ್ಧ. 109ಕ್ಕೆ ಬರುವುದು ಎರಡು ನಿಮಿಷಕ್ಕೂ ಕಡಿಮೆ. ಬಾಗಲಕೋಟೆಯ ಕಬ್ಬಿನ ಹಂಗಾಮಿನಲ್ಲಿ ರಾತ್ರಿಯಿಡೀ ಹಾಡು ಹಚ್ಚಿಕೊಂಡು ಟ್ರ್ಯಾಕ್ಟರ್ ಓಡಿಸೋ ಹುಡುಗರು ನಮ್ಮ ವಯಸ್ಸಿನವರೇ. ಕೆಟ್ಟ ಕಿವಿಯ ಒಳಗೂದಲು ಮತ್ತೆ ಬೆಳೆಯೋದಿಲ್ಲ. ಮೊಬೈಲ್ ಆ್ಯಪಿನಲ್ಲಿ ಅಳೆದು ಸಮಾಧಾನ ಪಟ್ಟುಕೊಳ್ಳಬೇಡಿ. ‘ಎ’ ಅಳತೆ ಬೇಸನ್ನು ಬಹಳ ಕಡಿಮೆ ತೋರಿಸುತ್ತದೆ, ಮತ್ತು ಹಾಡಿನಲ್ಲಿ ಕಿವಿ ಕೆಡಿಸುವುದು ಹೆಚ್ಚಾಗಿ ಊಫರ್ ಅಲ್ಲ, ಅದಕ್ಕೆ ಸಮ ಇರಲಿ ಅಂತ ಏರಿಸಿದ ಹಾರ್ನ್ ಟ್ವೀಟರ್. ರಾತ್ರಿ 10ರಿಂದ ಬೆಳಿಗ್ಗೆ 6ರ ತನಕ ಹೊರಗೆ ಧ್ವನಿವರ್ಧಕ ಹಚ್ಚಬಾರದು ಅಂತ 2000ದ ಶಬ್ದ ಮಾಲಿನ್ಯ ನಿಯಮವೂ ಇದೆ.

ಹೊಸ ಡಬ್ಬಿಯನ್ನು ಕಾಕಾ ಸೀಟಿನ ಹಿಂದಿನಿಂದ ತೆಗೆದು ಟ್ರೇಲಿಯ ಹಿಂಬದಿಗೆ ಕಟ್ಟಿಸಿದರು. ಆಂಪ್ಲಿ ಹಳೇದೇ. “ಹಂಗಾರ ಕಾರಿನ ಡಬ್ಬಿ ಏನ್ ಮಾಡ್ಲಿ?” ಅಂದರು. ಪಡಸಾಲಿಯ ಮೂಲೆಗೆ, ಎರಡು ಗೋಡೆ ನೆಲಕ್ಕೆ ಕೂಡುವಲ್ಲಿ ಇಡ್ರಿ ಅಂದೆವು. ಕಾಕೂಗ ಈಗ ಧಾರಾವಾಹಿ ಕೇಳಸವಲ್ದಂತ, ಟಿವಿಯಿಂದ ಗುಡುಗು ಅಷ್ಟೇ ಬರತೈತಂತ.