ಕುಡಿ ಚಿವುಟುವ ಕಾಲ

ನರೋಣಾದ ಹುಡುಗ ಹುಡುಗಿಯರೇ, ನಿಮಗೆ ನಾಲ್ಕು ಮಾತು ಹೇಳಬೇಕಾಗಿದೆ. ಬುದ್ಧಿವಾದ ಶುರುವಾಯಿತೆಂದು ಎದ್ದು ಹೋಗಬೇಡಿ. ನಿಮಗೆ ಬುದ್ಧಿ ಕಡಿಮೆ ಎಂದು ನನಗೆ ಯಾವತ್ತೂ ಅನಿಸಿಲ್ಲ. ನಿಮ್ಮಲ್ಲಿ ಒಬ್ಬನಿಗೆ ಕಥೆ ಬರೆಯುವ ಆಸೆ, ಇನ್ನೊಬ್ಬಳಿಗೆ ಚಿತ್ರದ ಹುಚ್ಚು. ಮತ್ತೊಬ್ಬನಿಗೆ ನಮ್ಮ ಕಡೆಯ ಮಾತಿನಲ್ಲೇ ಸಣ್ಣ ಸಿನಿಮಾ ತೆಗೆಯಬೇಕು, ಮಗದೊಬ್ಬಳಿಗೆ ಹೊಲದ ಬೇಳೆಯನ್ನು ತನ್ನದೇ ಹೆಸರಿನ ಪಾಕೀಟಿನಲ್ಲಿ ಮಾರಬೇಕು. ಎಲ್ಲವೂ ಛಲೋ. ಆದರೆ ಎಲ್ಲಿಗೆ ಬಂತು ಎಂದು ಕೇಳಿದಾಗಲೆಲ್ಲ ಉತ್ತರ ಒಂದೇ: 'ಇನ್ನಾ ವಿಚಾರ ಮಾಡ್ಲಾಕತ್ತೀನ್ರಿ.'

ನಮ್ಮದು ತೊಗರಿ ನಾಡು. 2019ರಲ್ಲಿ ಕಲಬುರಗಿ ತೊಗರಿ ಬೇಳೆಗೆ ಜಿಐ (ಭೌಗೋಳಿಕ ಸೂಚಕ) ಮಾನ್ಯತೆ ಸಿಕ್ಕಿತು. ಬಿತ್ತಿ ಒಂದೂವರೆ ತಿಂಗಳಾಗುವ ಹೊತ್ತಿಗೆ ತೊಗರಿಯ ಕುಡಿ ಚಿವುಟುವುದನ್ನು ನೀವು ನೋಡಿದ್ದೀರಿ. ಈಗ ಅದಕ್ಕೆ ಬ್ಯಾಟರಿ ಯಂತ್ರವೂ ಬಂದಿದೆ. ಸೊಂಪಾಗಿ ಏಳುತ್ತಿರುವ ಗಿಡದ ತುದಿಯನ್ನೇಕೆ ಕತ್ತರಿಸಬೇಕು? ಬಿಟ್ಟರೆ ಅದು ಮೇಲಕ್ಕೇ ಏರುತ್ತದೆ. ತುದಿ ಹೋಯಿತೆಂದರೆ ಪಕ್ಕದ ಟೊಂಗೆಗಳು ಒಡೆಯುತ್ತವೆ, ಟೊಂಗೆ ಹೆಚ್ಚಿದಂತೆ ಹೂವು, ಕಾಯಿ ಹೆಚ್ಚುತ್ತವೆ. ವಿಚಾರಕ್ಕೂ ಇದೇ ಲೆಕ್ಕ. ಅದು ಒಂದಿಷ್ಟು ಬೆಳೆಯಬೇಕು ನಿಜ. ಆಮೇಲೂ ಅದನ್ನು ಚಿವುಟಿ ಕೆಲಸಕ್ಕೆ ಇಳಿಯದಿದ್ದರೆ ಎತ್ತರ ಬರುತ್ತದೆ, ಕಾಯಿ ಬರುವುದಿಲ್ಲ.

'ನಮ್ಮೂರಾಗ ಏನೈತ್ರಿ, ಬೆಂಗಳೂರಿನವರಿಗೆ ಎಲ್ಲಾ ಅನುಕೂಲ' ಎನ್ನುತ್ತೀರಿ. ಕಲಬುರಗಿ ಪಕ್ಕದ ಸಾವಳಗಿಯಲ್ಲಿ 1942ರಲ್ಲಿ ಹುಟ್ಟಿದ ಗೀತಾ ನಾಗಭೂಷಣ ಅವರನ್ನು ನೆನೆಯಿರಿ. ಬಡ ಮನೆತನ. ಜಿಲ್ಲಾಧಿಕಾರಿ ಕಚೇರಿಯಲ್ಲಿ ಗುಮಾಸ್ತೆಯಾಗಿ ದುಡಿಯುತ್ತಲೇ ಓದು ಮುಂದುವರಿಸಿದರು, ಮುಂದೆ ಶಿಕ್ಷಕಿಯಾದರು, ಪ್ರಾಂಶುಪಾಲರೂ ಆದರು. ಈ ನಡುವೆಯೇ ಇಪ್ಪತ್ತೈದಕ್ಕೂ ಹೆಚ್ಚು ಕಾದಂಬರಿ ಬರೆದರು. ಕೈತುಂಬ ಬಿಡುವು ಸಿಕ್ಕಿದ ಮೇಲೆ ಬರೆಯೋಣ ಎಂದು ಕೂತಿದ್ದರೆ ಅವುಗಳಲ್ಲಿ ಎಷ್ಟು ಹೊರಬರುತ್ತಿದ್ದವು, ನೀವೇ ಹೇಳಿ. ಅವರು ಬರೆದದ್ದು ನಮ್ಮ ಓಣಿಯ, ಹೊಲದ, ಕೂಲಿ ಹೆಂಗಸರ ಬದುಕನ್ನು. ಅದೂ ನಾವು ಮನೆಯಲ್ಲಿ ಆಡುವ ಮಾತಿನಲ್ಲಿ. ಅವರ 'ಬದುಕು' ಕಾದಂಬರಿಗೆ 2004ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಕನ್ನಡದಲ್ಲಿ ಆ ಪ್ರಶಸ್ತಿ ಪಡೆದ ಮೊದಲ ಮಹಿಳೆ ಅವರು. 2010ರಲ್ಲಿ ಗದಗ ಸಾಹಿತ್ಯ ಸಮ್ಮೇಳನಕ್ಕೆ ಅಧ್ಯಕ್ಷರಾದರು. ನೀವು ಯಾವ ಮಾತನ್ನು ಮುಜುಗರದಿಂದ ಮುಚ್ಚಿಡುತ್ತೀರೋ ಅದೇ ಮಾತು ಅವರ ಬಂಡವಾಳವಾಗಿತ್ತು.

ಇನ್ನೂ ಹಿಂದಕ್ಕೆ ಹೋದರೆ ಜೇವರ್ಗಿ ಸೀಮೆಯ ಕಡಕೋಳ ಮಡಿವಾಳಪ್ಪನವರು ಸಿಗುತ್ತಾರೆ. ಅವರ ಹಾದಿಯ ತತ್ವಪದಕಾರರಲ್ಲಿ ಚೆನ್ನೂರ ಜಲಾಲಸಾಹೇಬರೂ ಇದ್ದರು. ಜಾತಿ, ಮತದ ಗೋಡೆ ಆ ಬಳಗಕ್ಕೆ ಅಡ್ಡ ಬರಲಿಲ್ಲ. ಪದ ಹುಟ್ಟುತ್ತಿತ್ತು, ಏಕತಾರಿ ಹಿಡಿದು ಹಾಡುತ್ತಿದ್ದರು, ಭಜನೆಯಲ್ಲಿ ಕೂತವರ ಬಾಯಿಗೆ ದಾಟುತ್ತಿತ್ತು. ಅಚ್ಚಾಗುವ ಚಿಂತೆ ಎಷ್ಟೋ ಕಾಲದ ನಂತರ ಬಂದದ್ದು. ಇವತ್ತಿಗೂ ನಮ್ಮ ಹಳ್ಳಿಗಳ ಭಜನಾ ಮೇಳದಲ್ಲಿ ಆ ಪದ ಕೇಳುತ್ತೇವೆ. ನಿಮಗೋ ಒಳ್ಳೆಯ ಕ್ಯಾಮೆರಾ ಬರುವ ತನಕ ಮೊದಲ ದೃಶ್ಯವನ್ನೇ ತೆಗೆಯಲಾಗದು!

ಹಾಗಂತ ಎಲ್ಲದಕ್ಕೂ ಹಿಂದುಮುಂದು ನೋಡದೆ ಧುಮುಕಿ ಎನ್ನುತ್ತಿಲ್ಲ. ಹೊಲ ಮಾರುವುದು, ಬಡ್ಡಿಗೆ ಸಾಲ ತರುವುದು, ಮದುವೆ: ಇಂಥವಕ್ಕೆ ಹತ್ತು ಸಲ ಯೋಚಿಸಿ, ಹಿರಿಯರನ್ನೂ ಕೇಳಿ. ಯಾಕೆಂದರೆ ಅಲ್ಲಿ ಇಟ್ಟ ಹೆಜ್ಜೆ ಸುಲಭಕ್ಕೆ ಹಿಂದೆ ಬರುವುದಿಲ್ಲ. ಒಂದು ಪುಟ ಬರೆದು ಹರಿದರೆ ಏನು ಹೋಯಿತು? ಐದು ಕಿಲೋ ಬೇಳೆ ಪಾಕೀಟು ಮಾಡಿ ಕಲಬುರಗಿಯ ಪರಿಚಯದ ನಾಲ್ಕು ಮನೆಗೆ ಕೊಟ್ಟು ನೋಡಿದರೆ ಯಾವ ಮನೆ ಮುಳುಗೀತು? ನಷ್ಟ ಸಣ್ಣದಿರುವಲ್ಲಿ ವಿಚಾರವೂ ಸಣ್ಣದಿರಲಿ. ಕಥೆಯ ಕೊನೆ ಏನೆಂಬುದು ಬರೆಯುತ್ತ ಹೋದಾಗ ತಿಳಿಯುತ್ತದೆ, ಬೇಳೆಗೆ ಎಷ್ಟು ದರ ಇಡಬೇಕೆಂಬುದನ್ನು ಕೊಂಡವರೇ ತಿಳಿಸುತ್ತಾರೆ. ಕಟ್ಟೆಯ ಮೇಲೆ ಕೂತು ಇವೆರಡನ್ನೂ ಕಂಡುಹಿಡಿದವರಿಲ್ಲ.

ಶುರು ಮಾಡಿದ ಮೇಲೆ ಕಾಡುವುದು ಮೊಬೈಲು. ರೀಲ್ಸ್ ನೋಡಬೇಡಿ ಎಂದರೆ ನೀವು ಕೇಳುವವರಲ್ಲ. ಮನಸ್ಸನ್ನು ಗೆದ್ದು ಮೊಬೈಲು ಬಿಡಿ ಎಂದೂ ಹೇಳುವುದಿಲ್ಲ. ಕೆಲಸಕ್ಕೆ ಕೂರುವ ಮುಂಚೆ ಅದನ್ನು ಅವ್ವನ ಕೈಗೆ ಕೊಟ್ಟು, 'ಒಂದು ತಾಸು ಬೇಡಿದರೂ ಕೊಡಬ್ಯಾಡ' ಎನ್ನಿ. ಆ ತಾಸು ದಿನವೂ ಅದೇ ಹೊತ್ತಿಗಿರಲಿ; ಮನೆಯವರಿಗೂ ಗೊತ್ತಾಗಿ ಅಂಗಡಿಗೆ ಓಡಿಸುವುದನ್ನು ಬಿಡುತ್ತಾರೆ. ನಡುವೆ ಬೇರೆ ನೆನಪು ಬಂದರೆ, ಕಟ್ಟಬೇಕಾದ ಫೀಸೋ ಗೆಳೆಯನ ಮದುವೆಯೋ, ಪಕ್ಕದ ಚೀಟಿಯಲ್ಲಿ ಒಂದು ಸಾಲು ಗೀಚಿ ಮತ್ತೆ ಕೆಲಸಕ್ಕೆ ಬನ್ನಿ. ಹೇಗೆ ಬರೆಯಬೇಕು, ಹೇಗೆ ವ್ಯಾಪಾರ ಮಾಡಬೇಕು ಎಂಬ ವಿಡಿಯೋಗಳೂ ಆ ತಾಸಿನಲ್ಲಿ ಬೇಡ. ಕಲಿಯುತ್ತಿದ್ದೇವೆ ಎಂಬ ಭ್ರಮೆ ಹುಟ್ಟಿಸಿ ಅವೇ ಹೆಚ್ಚು ಹೊತ್ತು ತಿನ್ನುತ್ತವೆ.

ಮೊಬೈಲಿಗಿಂತ ದೊಡ್ಡ ಅಡ್ಡಿ ಇನ್ನೊಂದಿದೆ: 'ಮಂದಿ ಏನಂದಾರು?' ಬಸ್‌ಸ್ಟ್ಯಾಂಡಿನ ಚಹಾದಂಗಡಿಯಲ್ಲಿ ನಿಮ್ಮ ಯೋಜನೆಯನ್ನು ಬಿಚ್ಚಿಡಬೇಡಿ. ಹೊಗಳಿದರೆ ಅಲ್ಲೇ ತೃಪ್ತಿಯಾಗುತ್ತದೆ, ನಕ್ಕರೆ ಅಲ್ಲೇ ಕೈ ಬಿಡುತ್ತೀರಿ. ಮಾಡಿದ್ದನ್ನು ತೋರಿಸಿ, ಮಾಡಬೇಕೆಂದಿರುವುದನ್ನು ಬಚ್ಚಿಡಿ.

ಕೊನೆಯ ಮಾತು ಗಡುವಿನದು. ಕಲಬುರಗಿಯಲ್ಲಿ 1916ರಲ್ಲಿ ಹುಟ್ಟಿದ ಕಲಾವಿದ ಎಸ್. ಎಂ. ಪಂಡಿತ್ ಮುಂಬೈಗೆ ಹೋಗಿ ಸಿನಿಮಾ ಪೋಸ್ಟರು, ಕ್ಯಾಲೆಂಡರುಗಳ ಚಿತ್ರ ಬರೆದು ಹೆಸರಾದರು. ಸಿನಿಮಾ ಬಿಡುಗಡೆಯ ದಿನಕ್ಕೆ, ಹೊಸ ವರ್ಷದ ಕ್ಯಾಲೆಂಡರಿಗೆ ಕಲಾವಿದನ ಮನಸ್ಸು ಹದವಾಗುವ ತನಕ ಕಾಯುವ ವ್ಯವಧಾನ ಇರುವುದಿಲ್ಲ. ನೀವೂ ನಿಮ್ಮ ಕೆಲಸಕ್ಕೊಂದು ತಾರೀಖು ಹಾಕಿಕೊಳ್ಳಿ. ನಾನೇ ಹಾಕಿಕೊಡುತ್ತೇನೆ: ಬರುವ ಭಾನುವಾರ. ಎರಡು ಪುಟವೋ, ಒಂದು ಚಿತ್ರವೋ, ನಾಲ್ಕು ಪಾಕೀಟೋ, ಆದಷ್ಟು ಮಾಡಿ ನನ್ನ ಹತ್ತಿರ ತನ್ನಿ. ಚೆನ್ನಾಗಿದೆಯೋ ಇಲ್ಲವೋ ಎಂಬ ಮಾತು ಅವತ್ತು ಆಡೋಣ. ಬರಿಗೈಯಲ್ಲಿ ಬಂದರೆ ಚಹಾ ಸಿಗುತ್ತದೆ, ಸಲಹೆ ಸಿಗುವುದಿಲ್ಲ.