ತೊಟ್ಟಿಲಿಗೆ ದೂರದೇಶದ ಹೆಸರು: ಹೆಸರಿಡುವವರಿಗೆ ಒಂಬತ್ತು ಸೂತ್ರಗಳು

ಮಗುವಿಗೆ ಏನು ಹೆಸರಿಡೋಣ ಎಂಬ ಪ್ರಶ್ನೆಗೆ ಒಂದು ಕಾಲದಲ್ಲಿ ಉತ್ತರ ಮನೆಯೊಳಗೇ ಇರುತ್ತಿತ್ತು: ಅಜ್ಜನ ಹೆಸರು, ಮನೆದೇವರ ಹೆಸರು, ಜನ್ಮನಕ್ಷತ್ರದ ಅಕ್ಷರ. ಈಗ ಮೈಸೂರಿನ ಮನೆಗೆ ಸೊಸೆ ಘಾನಾದಿಂದ ಬರಬಹುದು, ಧಾರವಾಡದ ಮನೆಗೆ ಅಳಿಯ ಜರ್ಮನಿಯಿಂದ ಬರಬಹುದು. ಅದೇನೂ ಇಲ್ಲದಿದ್ದರೂ ಓದಿದ ಕಾದಂಬರಿಯಿಂದಲೋ ಮೆಚ್ಚಿದ ಆಟಗಾರನಿಂದಲೋ ಒಂದು ಹೆಸರು ಮನಸ್ಸಿಗೆ ಹತ್ತಿರವಾಗಿರುತ್ತದೆ. ಇಡಿ, ಸಂತೋಷವಾಗಿ ಇಡಿ. ಆದರೆ ಆ ಹೆಸರು ಹುಟ್ಟಿದ ಊರಿನವರ ಎದುರು ನಿಂತು ನಿಮ್ಮ ಮಗು ತನ್ನ ಹೆಸರನ್ನು ಅಳುಕಿಲ್ಲದೆ ಹೇಳುವಂತಿರಬೇಕು. ಕೆಳಗಿನ ಸೂತ್ರಗಳೆಲ್ಲ ಅದಕ್ಕಾಗಿ.

1. ಆ ಹೆಸರನ್ನು ಯಾರಿಗೆ ಇಡುತ್ತಾರೆಂದು ಮೊದಲು ಕೇಳಿ

ಘಾನಾದ ಅಕಾನ್ ಜನರಲ್ಲಿ ಮಗುವಿನ ಹೆಸರನ್ನು ಹುಟ್ಟಿದ ವಾರ ನಿರ್ಧರಿಸುತ್ತದೆ. ಗಂಡುಮಗು ಸೋಮವಾರ ಹುಟ್ಟಿದರೆ ಕ್ವಾಡ್ವೊ, ಮಂಗಳವಾರ ಕ್ವಾಬೆನಾ, ಬುಧವಾರ ಕ್ವಾಕು, ಗುರುವಾರ ಯಾವ್, ಶುಕ್ರವಾರ ಕೋಫಿ, ಶನಿವಾರ ಕ್ವಾಮೆ, ಭಾನುವಾರ ಕ್ವಾಸಿ. ಹೆಣ್ಣುಮಕ್ಕಳಿಗೆ ಬೇರೆ ಪಟ್ಟಿ: ಶನಿವಾರದವಳು ಅಮಾ, ಮಂಗಳವಾರದವಳು ಅಬೆನಾ, ಭಾನುವಾರದವಳು ಅಕೋಸುವಾ. ವಿಶ್ವಸಂಸ್ಥೆಯ ಮಹಾಕಾರ್ಯದರ್ಶಿಯಾಗಿದ್ದ ಕೋಫಿ ಅನ್ನಾನ್ ಹುಟ್ಟಿದ್ದು 1938ರ ಏಪ್ರಿಲ್ 8, ಶುಕ್ರವಾರ. ಅವಳಿ ಮಗುವಾದ್ದರಿಂದ ‘ಅಟ್ಟಾ’ ಎಂಬುದೂ ಅವರ ಹೆಸರಿನಲ್ಲಿತ್ತು. ಅನ್ನಾನ್ ಎಂದರೆ ನಾಲ್ಕನೆಯ ಮಗು. ಹೆಸರು ಕೇಳುತ್ತಿದ್ದಂತೆ ಅಕಾನ್ ಹಿರಿಯರಿಗೆ ಅರ್ಧ ಜಾತಕವೇ ಕೈಗೆ ಸಿಕ್ಕಂತೆ! ಹಾಗಾಗಿ ಮಂಗಳವಾರ ಹುಟ್ಟಿದ ಮಗನಿಗೆ ಕೋಫಿ ಬೇಡ, ಕ್ವಾಬೆನಾ ಇಡಿ. ಬರ್ಮಾದಲ್ಲೂ ವಾರಕ್ಕೆ ತಕ್ಕ ಅಕ್ಷರ ಹುಡುಕುತ್ತಾರೆ. ನಕ್ಷತ್ರಪಾದಕ್ಕೆ ಅಕ್ಷರ ಹುಡುಕುವ ನಮಗೆ ಇದು ತಕ್ಷಣ ಅರ್ಥವಾಗುತ್ತದೆ.

ಬಾಲಿಯಲ್ಲಿ ಹುಟ್ಟಿದ ಕ್ರಮವೇ ಹೆಸರು. ಚೊಚ್ಚಲು ವಯಾನ್, ಎರಡನೆಯದು ಮದೆ, ಮೂರನೆಯದು ನ್ಯೋಮನ್, ನಾಲ್ಕನೆಯದು ಕೆತುತ್. ಒಬ್ಬಳೇ ಮಗಳಿಗೆ ಕೆತುತ್ ಎಂದಿಟ್ಟರೆ ಬಾಲಿಯವರು ಅವಳ ಅಣ್ಣ ಅಕ್ಕಂದಿರನ್ನು ವಿಚಾರಿಸುತ್ತಾರೆ. ನೈಜೀರಿಯಾದ ಯೊರುಬಾ ಅವಳಿಗಳಲ್ಲಿ ಮೊದಲು ಹೊರಬಂದದ್ದು ತಾಯಿವೊ, ಆಮೇಲೆ ಬಂದದ್ದು ಕೆಹಿಂದೆ. ಆದರೂ ಹಿರಿತನ ಕೆಹಿಂದೆಗೇ. ಲೋಕ ಹೇಗಿದೆ ನೋಡಿ ಬಾ ಎಂದು ತಾಯಿವೊನನ್ನು ಮುಂದೆ ಕಳಿಸಿದ್ದು ಕೆಹಿಂದೆ ಎಂಬುದು ಅಲ್ಲಿಯ ನಂಬಿಕೆ. ಬಾಬಾತುಂಡೆ ಎಂಬ ಹೆಸರಿಡುವುದು ಅಜ್ಜ ತೀರಿಕೊಂಡ ಮೇಲೆ ಹುಟ್ಟಿದ ಗಂಡುಮಗುವಿಗೆ, ತಂದೆ ಮರಳಿ ಬಂದರೆಂದು. ಮಕ್ಕಳು ಉಳಿಯದ ಮನೆಯಲ್ಲಿ ತಿಪ್ಪಯ್ಯ, ತಿಪ್ಪಮ್ಮ ಎಂದು ಹೆಸರಿಟ್ಟು ಮಗುವನ್ನು ಕಾಪಾಡಿಕೊಳ್ಳುತ್ತಿದ್ದ ನಮ್ಮ ಊರುಗಳಿಗೂ ಇಂಥ ಹೆಸರುಗಳ ಭಾರ ಗೊತ್ತು. ಅಂಥ ಹೆಸರನ್ನು ಇಂಪಾಗಿದೆ ಎಂಬ ಒಂದೇ ಕಾರಣಕ್ಕೆ ಎತ್ತಿಕೊಳ್ಳಬೇಡಿ.

2. ಗಂಡಿನ ಹೆಸರೋ ಹೆಣ್ಣಿನದೋ, ಮುದ್ದಿನದೋ ಪೂರ್ತಿಯದೋ ನೋಡಿಕೊಳ್ಳಿ

ನಮ್ಮಲ್ಲಿ ನಿಕಿತಾ ಹುಡುಗಿ. ರಷ್ಯಾದಲ್ಲಿ ನಿಕಿತಾ ಗಂಡಸು. ಸೋವಿಯತ್ ನಾಯಕ ಕ್ರುಶ್ಚೇವ್ ಅವರ ಹೆಸರೂ ಅದೇ. ಆಂಡ್ರಿಯಾ ಜರ್ಮನಿಯಲ್ಲಿ ಹೆಣ್ಣು, ಇಟಲಿಯಲ್ಲಿ ಗಾಯಕ ಬೊಚೆಲ್ಲಿಯಂಥ ಗಂಡಸರು. ನತಾಶಾ, ತಾನ್ಯಾ, ಸೋನ್ಯಾ ಇವೆಲ್ಲ ನತಾಲ್ಯಾ, ತತ್ಯಾನಾ, ಸೋಫ್ಯಾ ಎಂಬ ಪೂರ್ತಿ ಹೆಸರುಗಳ ಮುದ್ದಿನ ರೂಪ. ಹಾಗೆಂದು ಈಗಾಗಲೇ ಇಟ್ಟವರು ಚಿಂತಿಸಬೇಕಿಲ್ಲ, ನತಾಶಾ ಇಷ್ಟು ದಶಕಗಳಲ್ಲಿ ನಮ್ಮದೇ ಹೆಸರಾಗಿದೆ. ಹೊಸದಾಗಿ ಇಡುವವರು ತಿಳಿದು ಇಡಿ.

3. ಅರ್ಥಕ್ಕೆ ನಿಘಂಟು ತೆಗೆಯಿರಿ

ಹೆಸರಿನ ಪಟ್ಟಿಗಳಲ್ಲಿ ‘ಆರವ್’ ಎಂದರೆ ಶಾಂತ ಎಂದು ಬರೆದಿರುತ್ತಾರೆ. ಸಂಸ್ಕೃತದಲ್ಲಿ ಆರವ ಎಂದರೆ ಸದ್ದು, ಕೂಗು. ಸದ್ದಿಲ್ಲದ್ದು ‘ಅರವ’. ನಾವು ಶಾಲೆಯಲ್ಲಿ ಕಲಿಯುವ ಸಂಸ್ಕೃತದಲ್ಲೇ ಹೀಗಾದರೆ ಸ್ವಾಹಿಲಿ, ಹವಾಯಿ ಹೆಸರುಗಳ ಅರ್ಥವನ್ನು ಅಂಥ ಪಟ್ಟಿ ನಂಬಿ ಒಪ್ಪುವುದು ಹೇಗೆ? ಆ ಭಾಷೆಯನ್ನು ಮನೆಮಾತಾಗಿ ಆಡುವ ಇಬ್ಬರನ್ನಾದರೂ ಕೇಳಿ, ಒಬ್ಬರನ್ನಲ್ಲ.

ಜಪಾನಿ ಹೆಸರಾದರೆ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಬೇಕು. ಅಲ್ಲಿ ಅರ್ಥವಿರುವುದು ಬರೆಯುವ ಕಾಂಜಿ ಅಕ್ಷರದಲ್ಲಿ. ಅಕಿ ಎಂಬ ಹೆಸರನ್ನು ಶರತ್ಕಾಲದ ಅಕ್ಷರದಲ್ಲೂ ಬರೆಯಬಹುದು, ಬೆಳಕಿನ ಅಕ್ಷರದಲ್ಲೂ ಬರೆಯಬಹುದು. ಕಿವಿಗೆ ಎರಡೂ ಒಂದೇ. ಹೆಸರಿಗೆ ಬಳಸಬಹುದಾದ ಕಾಂಜಿಗಳ ಸರ್ಕಾರಿ ಪಟ್ಟಿಯೇ ಇದೆ: ನಿತ್ಯಬಳಕೆಯ 2136, ಜೊತೆಗೆ ಹೆಸರಿಗಾಗಿಯೇ ಅನುಮತಿಸಿದ ಇನ್ನಷ್ಟು. ಆದರೆ ಅಕ್ಷರ ಪಟ್ಟಿಯಲ್ಲಿದ್ದ ಮಾತ್ರಕ್ಕೆ ಹೆಸರು ಸಲ್ಲುವುದಿಲ್ಲ. 1993ರಲ್ಲಿ ಟೋಕಿಯೊ ಬಳಿಯ ಅಕಿಶಿಮಾದಲ್ಲಿ ಮಗನಿಗೆ ‘ಅಕುಮಾ’, ಅಂದರೆ ದೆವ್ವ, ಎಂದಿಡಲು ಹೊರಟ ತಂದೆತಾಯಿ ಕೋರ್ಟಿನವರೆಗೂ ಹೋಗಿ, ಕೊನೆಗೆ ಬೇರೆ ಹೆಸರಿಗೆ ಒಪ್ಪಿದರು. ಎರಡೂ ಅಕ್ಷರ ಪಟ್ಟಿಯಲ್ಲಿ ಇದ್ದವು.

4. ದೇವರ ಹೆಸರನ್ನು ತುಂಡು ಮಾಡಬೇಡಿ

ಅಬ್ದುಲ್ ರಹಮಾನ್ ಎಂದರೆ ಕರುಣಾಮಯನ ಸೇವಕ. ‘ಅಬ್ದುಲ್’ ಎಂದಷ್ಟೇ ಕರೆದರೆ ಮಾತು ಅರ್ಧಕ್ಕೆ ನಿಲ್ಲುತ್ತದೆ, ‘ರಹಮಾನ್’ ಎಂದಷ್ಟೇ ಕರೆದರೆ ಅನೇಕ ಮುಸ್ಲಿಮರ ಮನಸ್ಸಿಗೆ ಕಸಿವಿಸಿ. ಅದು ದೇವರ ಹೆಸರು. ಸ್ಪೇನ್, ಮೆಕ್ಸಿಕೊಗಳಲ್ಲಿ ಹೆಸೂಸ್ ಎಂದರೆ ಯೇಸುವೇ, ಮನೆಮನೆಯ ಹೆಸರು. ಇಂಗ್ಲಿಷ್ ಮಾತಾಡುವ ಕ್ರೈಸ್ತರು ಅದನ್ನು ಮಕ್ಕಳಿಗೆ ಇಡುವುದು ತೀರಾ ಅಪರೂಪ. ಒಂದೇ ಧರ್ಮದೊಳಗೂ ಊರಿಂದ ಊರಿಗೆ ರೂಢಿ ಬೇರೆ, ಆ ಊರಿನವರ ಮಾತೇ ಕೊನೆ.

5. ಎರಡೂ ಕಡೆಯ ಅಜ್ಜಿಯರಿಂದ ಕೂಗಿಸಿ ನೋಡಿ

ಹೆಸರು ಬರೆದು ಚೆಂದ ನೋಡುವುದು ಸಾಲದು. ಅಡುಗೆಮನೆಯಿಂದ ಅಂಗಳಕ್ಕೆ ಕೇಳುವಂತೆ ಕೂಗಿಸಿ. ಜಯಾ ಎಂಬ ಬರಹವನ್ನು ಜರ್ಮನ್ ಅಜ್ಜಿ ಯಾಯಾ ಎಂದು ಓದುತ್ತಾರೆ, ಸ್ಪೇನಿನ ಅಜ್ಜಿ ಹಾಯಾ ಎನ್ನುತ್ತಾರೆ. ಜಪಾನಿಯಲ್ಲಿ ಲ, ರ ಬೇರೆಬೇರೆ ಅಲ್ಲ, ವಕಾರ ಬಕಾರಕ್ಕೆ ತಿರುಗುತ್ತದೆ. ಲೀಲಾ ರೀರಾ ಆಗುತ್ತಾಳೆ, ವಿವೇಕ ಬಿಬೇಕು ಆಗುತ್ತಾನೆ. ನಮ್ಮ ಳಕಾರ ಣಕಾರ ಇಂಗ್ಲಿಷಿನವರ ಬಾಯಲ್ಲಿ ಉಳಿಯುವುದಿಲ್ಲ.

ಎರಡೂ ಕಡೆ ಸಲೀಸಾಗಿ ಬದುಕುವ ಹೆಸರುಗಳು ಬೇಕಾದಷ್ಟಿವೆ. ಮೀರಾ ಸ್ಲಾವ್ ನಾಡುಗಳಲ್ಲೂ ಇದ್ದಾಳೆ. ತಾರಾ ಐರ್ಲೆಂಡಿನಲ್ಲಿ ಹಳೆಯ ರಾಜರ ಬೆಟ್ಟದ ಹೆಸರು, ಹುಡುಗಿಯರ ಹೆಸರೂ ಹೌದು. ಮಾಯಾ ಇಸ್ರೇಲಿನಲ್ಲಿ ಜನಪ್ರಿಯ, ಅನಿತಾ ಸ್ಪೇನಿನಲ್ಲಿ ಪುಟ್ಟ ಅನಾ. ನೀಲ್, ನೀನಾ, ಸಾರಾ ಕೂಡ ಹಾಗೆಯೇ. ಮಿಶ್ರ ಸಂಸಾರಗಳಿಗೆ ನಾನು ಮೊದಲು ಸೂಚಿಸುವುದು ಇಂಥವನ್ನೇ.

6. ಕಾನೂನು ಮತ್ತು ಕಾಲಾವಕಾಶ ಮೊದಲೇ ತಿಳಿದಿರಲಿ

ಐಸ್‌ಲ್ಯಾಂಡಿನಲ್ಲಿ 1991ರಿಂದ ಹೆಸರುಗಳ ಸಮಿತಿಯಿದೆ. ಪಟ್ಟಿಯಲ್ಲಿಲ್ಲದ ಹೆಸರಾದರೆ ಅದು ಅವರ ಭಾಷೆಯ ವಿಭಕ್ತಿಗೆ ಒಗ್ಗಬೇಕು. ಅವರ ವರ್ಣಮಾಲೆಯಲ್ಲಿಲ್ಲದ ‘ಸಿ’ ಅಕ್ಷರ ಬಳಸಿದ ಹೆಸರುಗಳು ತಿರಸ್ಕೃತವಾಗಿವೆ. ನ್ಯೂಜಿಲೆಂಡ್ ಅಧಿಕಾರದ ಬಿರುದಿನಂಥ ಹೆಸರುಗಳನ್ನು ಒಪ್ಪುವುದಿಲ್ಲ. ಅಲ್ಲಿ 2008ರಲ್ಲಿ ‘ತಲುಲಾ ಡಸ್ ದ ಹುಲಾ ಫ್ರಮ್ ಹವಾಯಿ’ ಎಂಬ ಹೆಸರಿನ ಹುಡುಗಿಯನ್ನು ಹೆಸರು ಬದಲಾಗುವವರೆಗೆ ನ್ಯಾಯಾಲಯವೇ ತನ್ನ ಪಾಲನೆಗೆ ತೆಗೆದುಕೊಂಡಿತ್ತು. ಮಗುವಿನ ಮರ್ಯಾದೆಗಾಗಿ ನ್ಯಾಯಾಲಯ ನಿಂತದ್ದು ನನಗೆ ಸರಿ ಎನಿಸುತ್ತದೆ.

ಕಾಲಾವಕಾಶ ಇನ್ನೂ ದೊಡ್ಡ ಪೇಚು. ಜನನ ನೋಂದಣಿಗೆ ಫ್ರಾನ್ಸಿನಲ್ಲಿ 5 ದಿನ, ಜಪಾನಿನಲ್ಲಿ 14, ಇಂಗ್ಲೆಂಡಿನಲ್ಲಿ 42. ಅಮೆರಿಕದ ಆಸ್ಪತ್ರೆಗಳಲ್ಲಿ ತಾಯಿ ಮಗು ಮನೆಗೆ ಹೊರಡುವ ಮೊದಲೇ ಅರ್ಜಿ ಕೈಗೆ ಬರುತ್ತದೆ. ಹನ್ನೊಂದನೆಯ ದಿನಕ್ಕೋ ಹನ್ನೆರಡನೆಯ ದಿನಕ್ಕೋ ನಾಮಕರಣ ಮಾಡುವ ನಮಗೆ ಅದು ತೀರಾ ಬೇಗ. ಜುಂಪಾ ಲಾಹಿರಿಯವರ ‘ದ ನೇಮ್‌ಸೇಕ್’ ಕಾದಂಬರಿ (2003) ಶುರುವಾಗುವುದೇ ಇಂಥ ಇಕ್ಕಟ್ಟಿನಲ್ಲಿ: ತಾಯಿಯ ಅಜ್ಜಿ ಬರೆದ ಹೆಸರಿನ ಕಾಗದ ಭಾರತದಿಂದ ತಲುಪುವುದಿಲ್ಲ, ಮಗು ಗೊಗೊಲ್ ಆಗಿ ಉಳಿಯುತ್ತಾನೆ. ಹಾಗಾಗಿ ಹೊರದೇಶದಲ್ಲಿರುವವರು ಏಳನೆಯ ತಿಂಗಳಿನೊಳಗೆ ಒಂದು ಗಂಡಿನ, ಒಂದು ಹೆಣ್ಣಿನ ಹೆಸರನ್ನು ಸ್ಪೆಲ್ಲಿಂಗ್ ಸಮೇತ ನಿಶ್ಚಯಿಸಿ, ಹಿರಿಯರ ಒಪ್ಪಿಗೆಯನ್ನೂ ಪಡೆದಿಡಿ. ಭಾರತದಲ್ಲಾದರೆ ಇಷ್ಟು ಅವಸರವಿಲ್ಲ: 21 ದಿನದೊಳಗೆ ಹೆಸರಿಲ್ಲದೆಯೇ ಜನನ ನೋಂದಾಯಿಸಿ, ವರ್ಷದೊಳಗೆ ಶುಲ್ಕವಿಲ್ಲದೆ ಹೆಸರು ಸೇರಿಸಬಹುದು.

7. ಎರಡನೆಯ ಹೆಸರನ್ನು ಮೊದಲಿನಷ್ಟೇ ಯೋಚಿಸಿ ಇಡಿ

ಹಳೇ ಮೈಸೂರಿನವರಿಗೆ ಇನಿಷಿಯಲ್ ಇದ್ದರೆ ಸಾಕು. ಉತ್ತರ ಕರ್ನಾಟಕದಲ್ಲಿ ದತ್ತಾತ್ರೇಯ ರಾಮಚಂದ್ರ ಬೇಂದ್ರೆ ಎಂಬಂತೆ ಅಪ್ಪನ ಹೆಸರು, ಅಡ್ಡಹೆಸರು ಎರಡೂ ಇರುತ್ತವೆ. ಕೊಡಗಿನಲ್ಲಿ ಕೊಡಂದೇರ ಮಾದಪ್ಪ ಕಾರ್ಯಪ್ಪ ಎಂಬಂತೆ ಒಕ್ಕದ, ಅಂದರೆ ಮನೆತನದ, ಹೆಸರು ಮುಂದೆ. ಪಾಸ್‌ಪೋರ್ಟಿಗೆ ಬೇಕಾದದ್ದು ಎರಡೇ ಮನೆ: ಹೆಸರು, ಸರ್‌ನೇಮ್. ಅಪ್ಪನ ಹೆಸರನ್ನು ಎರಡನೆಯ ಮನೆಗೆ ಹಾಕಿದರೆ ಹೊರದೇಶದ ಕಚೇರಿಯಲ್ಲಿ ಮಗನನ್ನು ಜೀವನಪೂರ್ತಿ ‘ಮಿಸ್ಟರ್ ಶಿವಲಿಂಗಪ್ಪ’ ಎಂದು ಅಪ್ಪನ ಹೆಸರಿನಿಂದಲೇ ಕರೆಯುತ್ತಾರೆ. ಖಾಲಿ ಬಿಟ್ಟರೆ ಅಮೆರಿಕದ ವೀಸಾದಲ್ಲಿ ಮೊದಲ ಹೆಸರಿನ ಜಾಗಕ್ಕೆ ‘ಎಫ್‌ಎನ್‌ಯು’, ಮೊದಲ ಹೆಸರು ಗೊತ್ತಿಲ್ಲ ಎಂಬ ಮುದ್ರೆ. 2022ರ ನವೆಂಬರಿನಲ್ಲಿ ಯುಎಇ ಕೂಡ ಒಂದೇ ಹೆಸರಿನ ಪಾಸ್‌ಪೋರ್ಟಿನ ಪ್ರವಾಸಿಗಳಿಗೆ ನಿರ್ಬಂಧ ಹಾಕಿತು.

ನಮ್ಮಂತೆ ಅಪ್ಪನ ಹೆಸರು ಹಿಡಿದು ನಡೆಯುವವರು ಬೇರೆಡೆಯೂ ಇದ್ದಾರೆ. ಓಟಗಾರ ಅಬೆಬೆ ಬಿಕಿಲಾ ಅವರ ಹೆಸರು ಅಬೆಬೆ, ಬಿಕಿಲಾ ಅವರ ತಂದೆ. ಇಥಿಯೋಪಿಯಾದ ರೂಢಿ ಅದು. ಐಸ್‌ಲ್ಯಾಂಡಿನ ಗಾಯಕಿ ಬ್ಯೋರ್ಕ್ ಅವರ ಎರಡನೆಯ ಹೆಸರು ಗುಡ್‌ಮುಂಡ್ಸ್‌ದೋತ್ತಿರ್, ಗುಡ್‌ಮುಂಡುರ್ ಅವರ ಮಗಳು. ಗಾರ್ಸಿಯಾ ಮಾರ್ಕ್ವೆಜ್ ಅವರಿಗೆ ಗಾರ್ಸಿಯಾ ಅಪ್ಪನ ಕಡೆಯದು, ಮಾರ್ಕ್ವೆಜ್ ಅಮ್ಮನ ಕಡೆಯದು. ತಾಯಿಯ ಮನೆತನವನ್ನೂ ಉಳಿಸುವ ಈ ಸ್ಪೇನಿನ ಕ್ರಮ ನನಗೆ ಬಹಳ ಇಷ್ಟ. ಮಿಶ್ರ ಸಂಸಾರಗಳು ಧಾರಾಳವಾಗಿ ಅನುಸರಿಸಬಹುದು.

8. ನಾಮಕರಣಕ್ಕೆ ಆ ಕಡೆಯವರನ್ನೂ ಕೂರಿಸಿ

ಯೊರುಬಾ ಮನೆಗಳಲ್ಲಿ ಎಂಟನೆಯ ದಿನ ಹಿರಿಯರು ಜೇನು, ಉಪ್ಪು, ನೀರನ್ನು ಒಂದೊಂದಾಗಿ ತೋರಿಸಿ ಹರಸಿ, ರುಚಿ ನೋಡಿಸಿ ಹೆಸರು ಹೇಳುತ್ತಾರೆ. ಜಪಾನಿನಲ್ಲಿ ಏಳನೆಯ ರಾತ್ರಿ ಹೆಸರನ್ನು ಕುಂಚದಲ್ಲಿ ಬರೆದು ಗೋಡೆಗೆ ಹಾಕುತ್ತಾರೆ. ನಾವು ಹರಿವಾಣದ ಅಕ್ಕಿಯ ಮೇಲೆ ಉಂಗುರದಿಂದ ಬರೆಯುತ್ತೇವೆ. ಎರಡನ್ನೂ ಸೇರಿಸುವುದು ಸುಲಭ: ಅಕ್ಕಿಯಲ್ಲಿ ಎರಡೂ ಲಿಪಿ ಬರಲಿ, ಮಗುವಿನ ಕಿವಿಯಲ್ಲಿ ಮೊದಲು ಆ ಭಾಷೆಯವರು ಸರಿಯಾಗಿ ಹೇಳಲಿ, ಆಮೇಲೆ ಸೋದರತ್ತೆ ಹೇಳಲಿ.

9. ಯಾಕೆ ಇಟ್ಟಿರೆಂದು ಬರೆದಿಡಿ

ಮಲಾಲಾ ಯೂಸುಫ್‌ಝಾಯಿ ಅವರ ಹೆಸರು 1880ರ ಮೈವಂದ್ ಯುದ್ಧದ ಅಫ್ಘನ್ ವೀರವನಿತೆ ಮಲಾಲಾಯಿಯದು. ತಮಿಳುನಾಡಿನ ರಾಜಕಾರಣಿ ಎಂ. ಕೆ. ಸ್ಟಾಲಿನ್ ಹುಟ್ಟಿದ್ದು 1953ರ ಮಾರ್ಚ್ 1, ಅವರ ಹೆಸರಿಗೆ ಮೂಲವಾದ ಸೋವಿಯತ್ ನಾಯಕ ಸ್ಟಾಲಿನ್ ತೀರಿಕೊಂಡದ್ದು ಮಾರ್ಚ್ 5. ನಮ್ಮ ಹಕ್ಕಿಪಿಕ್ಕಿ ಸಮುದಾಯದಲ್ಲಿ ಗೂಗಲ್, ಕಾಫಿ, ಹೈಕೋರ್ಟ್ ಎಂಬ ಹೆಸರುಗಳಿವೆ. ಕಂಡ ಜಗತ್ತಿನಿಂದ ಹೆಸರು ಆರಿಸಿಕೊಂಡ ಅಲೆಮಾರಿ ಬದುಕು ಅವುಗಳ ಹಿಂದಿದೆ. ಈ ಹೆಸರು ಯಾಕೆಂದು ನಿಮ್ಮ ಮಗುವನ್ನೂ ಎಲ್ಲರೂ ಕೇಳುತ್ತಾರೆ.

ಒಂದು ಹಾಳೆಯಲ್ಲಿ ಹೆಸರನ್ನು ಮೂಲ ಲಿಪಿಯಲ್ಲಿ, ಕನ್ನಡದಲ್ಲಿ, ಪಾಸ್‌ಪೋರ್ಟಿನ ಸ್ಪೆಲ್ಲಿಂಗಿನಲ್ಲಿ ಬರೆಯಿರಿ. ಸೂಚಿಸಿದವರು ಯಾರು, ಅರ್ಥ ಹೇಳಿದವರು ಯಾರು, ಯಾವ ಕಾರಣಕ್ಕೆ ಮೆಚ್ಚಿದಿರಿ ಎಂಬುದನ್ನೂ ಸೇರಿಸಿ. ಅದನ್ನು ಜನನ ಪ್ರಮಾಣಪತ್ರದ ಜೊತೆ ಒಂದೇ ಕಡತದಲ್ಲಿಡಿ. ಶಾಲೆಗೆ ಸೇರಿಸುವ ದಿನ ಅರ್ಜಿ ತುಂಬುವವರು ತಾತನೋ ಚಿಕ್ಕಪ್ಪನೋ ಆಗಿದ್ದರೂ ಒಂದಕ್ಷರ ತಪ್ಪುವುದಿಲ್ಲ.