ಲೇಖನಕ್ಕೆ ಕಾಲನಿರ್ದೇಶ: ಹಲಸಿಯ ಶಾಸನದಿಂದ ಕಂಪ್ಯೂಟರಿನವರೆಗೆ

ಖಾನಾಪುರ ತಾಲೂಕಿನ ಹಲಸಿಯು ಕದಂಬರ ಶಾಸನಗಳಲ್ಲಿ ಪಲಾಶಿಕಾ ಎಂಬ ಹೆಸರಿನಿಂದ ಪ್ರಸಿದ್ಧವಾದ ಸ್ಥಳ. ಅಲ್ಲಿ ದೊರೆತು, ಫ್ಲೀಟ್ ಮಹಾಶಯರಿಂದ ಪ್ರಕಟವಾದ ತಾಮ್ರಪಟಗಳಲ್ಲಿ ಕಾಕುಸ್ಥವರ್ಮನದೂ ಒಂದು. ಸೇನಾಪತಿ ಶ್ರುತಕೀರ್ತಿಗೆ ಭೂಮಿಯನ್ನಿತ್ತ ಈ ದಾನಪತ್ರದಲ್ಲಿ ಕೊಟ್ಟವನಾರು, ಪಡೆದವನಾರು, ಕೊಟ್ಟ ಭೂಮಿ ಯಾವುದು ಎಂಬುದೆಲ್ಲ ಸ್ಪಷ್ಟವಾಗಿದೆ. ಕಾಲವನ್ನು ಮಾತ್ರ ವಿಜಯದ ಎಂಬತ್ತನೆಯ ವರ್ಷವೆಂದಷ್ಟೇ ಹೇಳಿದೆ. ಎಲ್ಲಿಂದ ಎಣಿಸಿದ ಎಂಬತ್ತು? ಗುಪ್ತಶಕದಿಂದೆಂದು ಕೆಲವು ವಿದ್ವಾಂಸರು, ಕದಂಬವಂಶದ ಮೂಲಪುರುಷನ ಕಾಲದಿಂದೆಂದು ಕೆಲವರು ಊಹಿಸಿದ್ದಾರೆ.

ಅದೇ ಊರಿನ ನರಸಿಂಹ ದೇವಾಲಯದ ಶಿಲಾಶಾಸನವಾದರೋ ಗೋವೆಯ ಕದಂಬ ಶಿವಚಿತ್ತ ಪೆರ್ಮಾಡಿದೇವನ ಹೆಸರಿನೊಡನೆ ಕಲಿವರ್ಷ 4270, ವಿರೋಧಿ ಸಂವತ್ಸರ ಎಂದು ನಿರ್ದೇಶಿಸುತ್ತದೆ. 4270ರಲ್ಲಿ 3101 ಕಳೆದರೆ ಕ್ರಿ.ಶ. 1169; ಸಂವತ್ಸರದ ಹೆಸರೂ ಅದಕ್ಕೆ ತಾಳೆಯಾಗುತ್ತದೆ. ಇಲ್ಲಿ ಊಹೆಗೆ ಎಡೆಯಿಲ್ಲ.

ಈಗ ಬೆಳಗಾವಿ ನಗರದ ಶಾಲಾ ಕಚೇರಿಗಳಲ್ಲಿ ಕಂಪ್ಯೂಟರು ಸಾಮಾನ್ಯ ಉಪಕರಣ. ಯಾರು ಒಳಹೊಕ್ಕರು, ಯಾವ ಕಾರ್ಯ ಕೆಟ್ಟಿತು ಎಂಬುದನ್ನು ಅದು ತಾನೇ ಬರೆದಿಡುತ್ತದೆ. ಈ ದಿನಚರಿಗೆ ಲಾಗ್ ಎಂದೂ, ಸಂದೇಶದೊಡನೆ ಬರುವ ಕಾಲ, ಸ್ಥಳ, ಕರ್ತೃ ಮೊದಲಾದ ನಿರ್ದೇಶಗಳಿಗೆ ಮೆಟಾಡೇಟಾ ಎಂದೂ ಹೆಸರು. ಯಂತ್ರದಿಂದ ಯಂತ್ರಕ್ಕೆ ಇಂತಹ ಸಂದೇಶಗಳನ್ನು ಸಾಗಿಸುವ ಸುಪ್ರಸಿದ್ಧ ಕ್ರಮವೇ ಸಿಸ್‌ಲಾಗ್. ರೂಢಿಯಲ್ಲಿದ್ದ ಆ ಕ್ರಮವನ್ನು ವಿವರಿಸಿದ 2001ರ ಆರ್‌ಎಫ್‌ಸಿ 3164 ಎಂಬ ಪತ್ರದಂತೆ ಸಂದೇಶದಲ್ಲಿ ತಿಂಗಳು, ದಿನ, ಗಂಟೆ, ನಿಮಿಷ, ಸೆಕೆಂಡುಗಳಿರುತ್ತವೆ, ವರ್ಷವೇ ಇಲ್ಲ! ಯಾವ ದೇಶದ ಗಡಿಯಾರವೆಂಬುದೂ ಇಲ್ಲ. ತಾಮ್ರಪಟದ ತೊಡಕೇ ಇಲ್ಲಿಯೂ ತಲೆದೋರಿತು.

2009ರ ಆರ್‌ಎಫ್‌ಸಿ 5424 ಈ ಕೊರತೆಯನ್ನು ನೀಗಿತು. ವರ್ಷವೂ, ವಿಶ್ವಕಾಲದಿಂದ ಇರುವ ಅಂತರವೂ ಸೇರಿದವು. ನಮ್ಮ ಗಡಿಯಾರಕ್ಕೆ ಅದು +05:30. ಯಂತ್ರದ ಹೆಸರಿಗೂ ತಂತ್ರಾಂಶದ ಹೆಸರಿಗೂ ನಿಯತಸ್ಥಾನ ದೊರೆಯಿತು. ತಿಳಿಯದ ಸಂಗತಿಯ ಸ್ಥಾನವನ್ನು ಬರಿದು ಬಿಡದೆ ಒಂದು ಅಡ್ಡಗೆರೆಯನ್ನಿಡಬೇಕೆಂಬುದು ನಿಯಮ. ಮಿಕ್ಕ ವಿವರಗಳು ಚೌಕ ಆವರಣದೊಳಗೆ, ಒಂದೊಂದು ಹೆಸರಿಗೆ ಒಂದೊಂದು ಬೆಲೆಯಂತೆ ಜೋಡಿಯಾಗಿ ಬರುತ್ತವೆ.

ಈ ಜೋಡಿಯ ಕ್ರಮವೇಕೆ ಲೇಸು? ನಿಯತಸ್ಥಾನದ ಕ್ರಮ ಸಂಕ್ಷಿಪ್ತವಾದರೂ ಹೊಸ ವಿವರಕ್ಕೆ ಅಲ್ಲಿ ಎಡೆಯಿಲ್ಲ. ಬಿಡಿವಾಕ್ಯ ಮನುಷ್ಯನಿಗೆ ಸುಗಮ, ಯಂತ್ರಕ್ಕೆ ದುರ್ಗಮ. ಜೋಡಿಯನ್ನಾದರೋ ಇಬ್ಬರೂ ಓದಬಲ್ಲರು. ಅರಿಯದ ಜೋಡಿಯನ್ನು ಬಿಟ್ಟು ಉಳಿದುದನ್ನು ಗ್ರಹಿಸಲೂಬಹುದು. ಹೆಸರು ರೋಮನ್ ಅಕ್ಷರಗಳಲ್ಲಿಯೇ ಇರಬೇಕಾದರೂ ಅದರ ಬೆಲೆಯನ್ನು ಕನ್ನಡದಲ್ಲಿ ಬರೆಯಲು ಅಡ್ಡಿಯಿಲ್ಲವೆಂಬುದು ನಮಗೆ ಸಂತೋಷದ ಸಂಗತಿ.

ಹಳೆಯ ಶಾಲೆಗಳ ಗೋಡೆಗಳಲ್ಲಿ ದಾನಿಗಳ ಹೆಸರುಳ್ಳ ಕಲ್ಲುಗಳನ್ನು ನಾವೆಲ್ಲ ಕಂಡಿದ್ದೇವೆ. ಎಷ್ಟೋ ಕಲ್ಲುಗಳಲ್ಲಿ ಇಸವಿಯಿಲ್ಲ, ಊರಿಲ್ಲ. ದಾನ ಉಳಿಯಿತು, ದಾನಿಯ ಗುರುತು ಅಳಿಯಿತು. ಬರೆಯುವವನಿಗೆ ಅಂದು ಎಲ್ಲವೂ ತಿಳಿದಿತ್ತು. ತಿಳಿಯದಿರುವುದು ಮುಂದೆ ಓದುವವನಿಗೆ. ಆದುದರಿಂದ ಶಿಕ್ಷಕ ಬಂಧುಗಳು ಕಲ್ಲಿನಲ್ಲಾಗಲಿ, ಕಡತದಲ್ಲಾಗಲಿ, ಕಂಪ್ಯೂಟರಿನಲ್ಲಾಗಲಿ ಮೊದಲು ಕ್ರಮವನ್ನು ಗೊತ್ತುಮಾಡಿಕೊಂಡು ಆಮೇಲೆ ಬರೆಯತೊಡಗಬೇಕೆಂದು ವಿನಂತಿ.